ಸಾಣೆ ಹಿಡಿದವರ ಚರಿತ್ರೆ

ಉತ್ತರ ಕನ್ನಡ ಜಿಲ್ಲೆಯ ಸಿದ್ದಾಪುರಕ್ಕೆ ಸಮೀಪದಲ್ಲಿ ಬಿಳಗಿ ಎಂಬ ಊರಿದೆ. ಇಂದು ಅಡಿಕೆ ತೋಟಗಳ ನಡುವಿನ ಒಂದು ಸಾಧಾರಣ ಹಳ್ಳಿ. ಒಂದು ಕಾಲಕ್ಕೆ ಶ್ವೇತಪುರವೆಂದು ಕರೆಸಿಕೊಂಡ, ಸಣ್ಣದೊಂದು ಅರಸುಮನೆತನದ ರಾಜಧಾನಿ. ವಿಜಯನಗರ, ಕೆಳದಿ, ಸೋದೆಗಳ ನಡುವೆ ಹೇಗೋ ತಲೆಯೆತ್ತಿ ಬದುಕಿದ ಈ ಸೀಮೆ, ಹೈದರಲಿ 1763ರಲ್ಲಿ ಬಿದನೂರನ್ನು ಗೆದ್ದ ಬಳಿಕ ಮೈಸೂರಿನ ಕೈಗೆ ಹೋಯಿತು. ಊರಿನಲ್ಲಿ ಈಗಲೂ ನಿಂತಿರುವ ಮುಖ್ಯ ಕಟ್ಟಡವೆಂದರೆ ರತ್ನತ್ರಯ ಬಸದಿ. ಈ ಹೆಸರಿನಲ್ಲಿರುವ ಮೂರು ರತ್ನಗಳು ಕಲ್ಲುಗಳಲ್ಲ. ಸಮ್ಯಗ್ದರ್ಶನ, ಸಮ್ಯಗ್‌ಜ್ಞಾನ, ಸಮ್ಯಕ್‌ಚಾರಿತ್ರ ಎಂಬ ಮೂರು ಗುಣಗಳು. ಜೈನರು ಬದುಕಿನಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದೆಂದು ಹೇಳಬೇಕಾದಾಗ ರತ್ನದ ಹೋಲಿಕೆಯನ್ನು ಆರಿಸಿಕೊಂಡರು.

ಈ ಹೋಲಿಕೆ ಸುಮ್ಮನೆ ಬಂದುದಲ್ಲ. ಬಿಳಗಿ, ಶಿರಸಿ, ಸಿದ್ದಾಪುರಗಳ ಕಾಳುಮೆಣಸು ಗೇರುಸೊಪ್ಪೆಯ ಘಟ್ಟವಿಳಿದು ಹೊನ್ನಾವರ, ಭಟ್ಕಳದ ಬಂದರುಗಳಿಗೆ ಹೋಗುತ್ತಿತ್ತು. ಅದೇ ಬಂದರುಗಳಿಂದ ಅರಬ್ಬೀ ಕುದುರೆಗಳು ಘಟ್ಟವೇರಿ ವಿಜಯನಗರ ಸೇರುತ್ತಿದ್ದವು. ಹಾರ್ಮುಜಿನ ಮುತ್ತು, ಪೆಗುವಿನ ಕೆಂಪು, ಸಿಂಹಳದ ನೀಲ ವಿಜಯನಗರದ ಪೇಟೆಯನ್ನು ಸೇರಿದ್ದೂ ಕಡಲ ಹಾದಿಯಿಂದಲೇ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕ್, ಅಲ್ಲಿನ ರತ್ನಪಡಿ ವ್ಯಾಪಾರಿಗಳು ಮುತ್ತು, ಮಾಣಿಕ್ಯ, ಪಚ್ಚೆ, ವಜ್ರಗಳನ್ನು ಬಯಲಿನಲ್ಲೇ ಇಟ್ಟು ಮಾರುವುದನ್ನು ಕಂಡು ಬರೆದಿಟ್ಟ. ಮರಳುವಾಗ ಅವನು ಹಡಗು ಹತ್ತಿದ್ದು ಹೊನ್ನಾವರದಲ್ಲಿ. ಹಾಗಾಗಿ ಈ ಮಲೆನಾಡಿನ ಜನರಿಗೆ ರತ್ನವೆಂದರೆ ಪುರಾಣದ ವಸ್ತು ಮಾತ್ರ ಆಗಿರಲಿಲ್ಲ.

ರತ್ನಗಳ ಬಗ್ಗೆ ನಮ್ಮಲ್ಲಿ ಬರೆದವರು ಸಾಮಾನ್ಯವಾಗಿ ಎರಡೇ ಸಂಗತಿ ಹೇಳುತ್ತಾರೆ. ಒಂದು, ಯಾವ ರಾಜನ ಬೊಕ್ಕಸದಲ್ಲಿ ಎಷ್ಟಿತ್ತು ಎಂಬುದು. ಎರಡು, ಅದನ್ನು ಯಾರು ಕೊಳ್ಳೆ ಹೊಡೆದರು ಎಂಬುದು. ಕಲ್ಲನ್ನು ಕೊಯ್ದವನ, ಉಜ್ಜಿದವನ, ಅದಕ್ಕೆ ಮುಖ ಕೊಟ್ಟವನ ಮಾತು ಬರುವುದೇ ಇಲ್ಲ. ಗಣಿಯಿಂದ ಬಂದ ವಜ್ರ ಮಸುಕಾದ ಗಾಜಿನ ತುಂಡಿನಂತಿರುತ್ತದೆ. ಅದು ರತ್ನವಾಗುವುದು ಸಾಣೆಯ ಮೇಲೆ. ನಾವಿಲ್ಲಿ ನೋಡಬಯಸಿದ್ದು ಆ ಸಾಣೆಯ ಚರಿತ್ರೆಯನ್ನು.

ಆರು ಮೂಲೆ, ಎಂಟು ಮುಖ

ಸಂಸ್ಕೃತದ ರತ್ನಶಾಸ್ತ್ರಗಳು ಒಳ್ಳೆಯ ವಜ್ರಕ್ಕೆ ಆರು ಮೂಲೆ, ಎಂಟು ಸಮನಾದ ಮುಖ, ಹನ್ನೆರಡು ಹರಿತವಾದ ಅಂಚು ಇರಬೇಕೆನ್ನುತ್ತವೆ. ಇದು ಕವಿಸಮಯವಲ್ಲ, ಕರಾರುವಾಕ್ಕಾದ ಅಳತೆ. ಎರಡು ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಜೋಡಿಸಿದಂತಿರುವ ಈ ಆಕಾರದಲ್ಲಿಯೇ ವಜ್ರ ನೆಲದೊಳಗೆ ಹರಳುಗಟ್ಟುತ್ತದೆ. ಅಂದರೆ ನಮ್ಮ ಹಿಂದಿನ ಪರೀಕ್ಷಕರು ಆದರ್ಶವೆಂದು ಹಿಡಿದದ್ದು ಮನುಷ್ಯ ಕೊಯ್ದ ರೂಪವನ್ನಲ್ಲ, ನಿಸರ್ಗ ಕೊಟ್ಟ ರೂಪವನ್ನು. ಅಗಸ್ತಿಮತ ಎಂಬ ಗ್ರಂಥವಂತೂ ಉಜ್ಜಿ ಸವೆಸಿದ ವಜ್ರ ತನ್ನ ಶುಭಗುಣವನ್ನು ಕಳೆದುಕೊಳ್ಳುತ್ತದೆ ಎಂಬ ನಿಲುವು ತಳೆಯುತ್ತದೆ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜನ ಬೊಕ್ಕಸದ ಪ್ರಸ್ತಾಪ ಬಂದಾಗ ರತ್ನಗಳ ಪರೀಕ್ಷೆಗೇ ಒಂದು ಭಾಗ ಮೀಸಲಾಗಿದೆ. ಇಂದಿನ ಬಸವಕಲ್ಯಾಣದಲ್ಲಿ ಕುಳಿತು ಬರೆದ ಆ ಗ್ರಂಥಕ್ಕೂ ಬನವಾಸಿ ಸೀಮೆಗೂ ಆಗ ಒಂದೇ ಆಳ್ವಿಕೆ.

ಈ ಅರಿವು ಒಂದು ಮತದವರ ಸ್ವತ್ತಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಅಲ್‌ಬಿರೂನಿ ರತ್ನಗಳ ಮೇಲೆಯೇ ಅರಬ್ಬಿಯಲ್ಲಿ ಒಂದು ಗ್ರಂಥ ಬರೆದ. ಕಲ್ಲುಗಳ ಸಾಂದ್ರತೆಯನ್ನು ನೀರಿನಲ್ಲಿ ತೂಗಿ ಲೆಕ್ಕ ಹಾಕಿದ. ಠಕ್ಕುರ ಫೇರು ಎಂಬ ಜೈನ ವಿದ್ವಾಂಸ ದೆಹಲಿಯ ಅಲಾವುದ್ದೀನ್ ಖಿಲ್ಜಿಯ ಆಡಳಿತದಲ್ಲಿದ್ದವನು. ಸುಲ್ತಾನನ ಬೊಕ್ಕಸದ ರತ್ನಗಳನ್ನು ಕಣ್ಣಾರೆ ಕಂಡು 1315ರಲ್ಲಿ ಪ್ರಾಕೃತದಲ್ಲಿ ರತ್ನಪರೀಕ್ಷೆಯ ಕೃತಿ ರಚಿಸಿದ. ಅದಕ್ಕೆ ನಾಲ್ಕು ವರ್ಷ ಮುಂಚೆ, 1311ರಲ್ಲಿ, ಮಲಿಕ್ ಕಾಫೂರ್ ದ್ವಾರಸಮುದ್ರದಿಂದ ಹೊಯ್ಸಳರ ಸಂಪತ್ತನ್ನು ದೆಹಲಿಗೆ ಒಯ್ದಿದ್ದ. ಕನ್ನಡ ನಾಡಿನಿಂದ ಹೋದ ಸಂಪತ್ತು, ಮುಸ್ಲಿಂ ಸುಲ್ತಾನನ ಭಂಡಾರ, ಜೈನ ಪಂಡಿತನ ಕಣ್ಣು, ಪ್ರಾಕೃತ ಭಾಷೆ. ಕೊಳ್ಳೆಯನ್ನು ಕೊಳ್ಳೆ ಎಂದೇ ಕರೆಯಬೇಕು. ಆದರೆ ಅದರ ಮಗ್ಗುಲಲ್ಲೇ ಇಂಥ ಕೂಡುಜ್ಞಾನವೂ ಬೆಳೆದಿತ್ತು ಎಂಬುದನ್ನು ಮರೆಯಬಾರದು.

ಪದಗಳೂ ಇದನ್ನೇ ಹೇಳುತ್ತವೆ. ವಜ್ರ, ಸಾಣೆ ಸಂಸ್ಕೃತದ ಕಡೆಯಿಂದ ಬಂದವು. ನಗ, ಜವಾಹಿರ, ಫಿರೋಜ ಪಾರಸಿ-ಅರಬ್ಬಿಯಿಂದ ಬಂದವು. ಹರಳು, ಕೆಂಪು ನಮ್ಮವೇ. ಅಕ್ಕಸಾಲಿಯ ಅಂಗಡಿಯಲ್ಲಿ ಇವೆಲ್ಲ ಒಂದೇ ವಾಕ್ಯದಲ್ಲಿ ಬಂದು ಹೋಗುತ್ತವೆ, ಯಾರಿಗೂ ಅಡ್ಡಿಯಾಗುವುದಿಲ್ಲ. ತೂಕದ ಹೆಸರುಗಳನ್ನೇ ನೋಡಿ: ನಮ್ಮ ಗುಲಗಂಜಿ, ಮಂಜಾಡಿಗಳಂತೆ ಅರಬ್ಬರ ಕೀರಾತ್ ಕೂಡ ಒಂದು ಮರದ ಬೀಜ. ಇಂದಿನ ಕ್ಯಾರಟ್ ಅದರ ಮೊಮ್ಮಗು. ಲೋಕದ ಅತಿ ದುಬಾರಿ ವಸ್ತುವನ್ನು ಎಲ್ಲ ಕಡೆಯೂ ತೂಗಿದ್ದು ಕಾಡಿನಲ್ಲಿ ಬಿದ್ದಿರುವ ಬೀಜಗಳಿಂದ.

ತಾವೆರ್ನಿಯೇ ಕಂಡ ಸಾಣೆ

ವಜ್ರವನ್ನು ವಜ್ರವೇ ಕೊಯ್ಯಬೇಕು ಎಂಬುದು ಗಾದೆ. ಅದರ ಹಿಂದಿನ ಕಾರಣ ಸ್ವಾರಸ್ಯದ್ದು. ವಜ್ರ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಗಟ್ಟಿಯಲ್ಲ. ಮರಕ್ಕೆ ಎಳೆ ಇರುವಂತೆ ಅದಕ್ಕೂ ಒಂದು ಎಳೆ ಇದೆ. ಕೆಲವು ದಿಕ್ಕಿನಲ್ಲಿ ಅದು ಸವೆಯುತ್ತದೆ, ಕೆಲವು ದಿಕ್ಕಿನಲ್ಲಿ ಸಾಣೆಯನ್ನೇ ತಿನ್ನುತ್ತದೆ. ವಜ್ರದ ಪುಡಿಯಲ್ಲಿ ಕಣಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುವುದರಿಂದ ಕೆಲವಾದರೂ ತಮ್ಮ ಗಟ್ಟಿ ಅಂಚಿನಿಂದ ಕಲ್ಲಿನ ಮೆದು ದಿಕ್ಕನ್ನು ಕೆರೆಯುತ್ತವೆ. ಆ ಎಳೆಯನ್ನು ಕಂಡುಹಿಡಿಯುವುದೇ ಕಸುಬಿನ ಗುಟ್ಟು.

ಫ್ರೆಂಚ್ ರತ್ನವ್ಯಾಪಾರಿ ಜಾನ್ ಬಪ್ತಿಸ್ತ್ ತಾವೆರ್ನಿಯೇ 1645ರಲ್ಲಿ ರಾವಲಕೊಂಡದ ಗಣಿಗೆ ಹೋಗಿದ್ದ. ಇಂದಿನ ಕರ್ನೂಲು ಕಡೆಯ ರಾಮಳ್ಳಕೋಟವೇ ಅದೆಂದು ವಿದ್ವಾಂಸರು ಗುರುತಿಸುತ್ತಾರೆ. ಆಗ ಅದು ಬಿಜಾಪುರದ ಆದಿಲಶಾಹಿಗಳ ಅಧೀನದಲ್ಲಿತ್ತು. ಅಲ್ಲಿನ ಕೊರೆಗಾರರು ಕೆಲಸ ಮಾಡುವ ರೀತಿಯನ್ನು ಅವನು ವಿವರವಾಗಿ ಬರೆದಿದ್ದಾನೆ. ಒಬ್ಬೊಬ್ಬರಿಗೆ ಊಟದ ತಟ್ಟೆಯಷ್ಟಗಲದ ಒಂದು ಉಕ್ಕಿನ ಚಕ್ರ. ಚಕ್ರದ ಮೇಲೆ ಒಂದೇ ಕಲ್ಲು. ಎಳೆ ಸಿಗುವವರೆಗೆ ಬಿಡದೆ ನೀರು ಹೊಯ್ಯುತ್ತಾರೆ. ಎಳೆ ಸಿಕ್ಕಿತೋ, ಎಣ್ಣೆ ಹಾಕಿ ದುಬಾರಿ ವಜ್ರದ ಪುಡಿಯನ್ನು ಧಾರಾಳವಾಗಿ ಬಳಸಿ, ಕಲ್ಲಿನ ಮೇಲೆ ಸೀಸದ ಭಾರ ಹೇರಿ ಉಜ್ಜುತ್ತಾರೆ. ಬಿರುಕುಳ್ಳ ಕಲ್ಲನ್ನು ಎಳೆಯ ಗುಂಟ ಸೀಳುವುದರಲ್ಲಿ ಅವರು ಯುರೋಪಿನವರಿಗಿಂತ ಪಳಗಿದವರು ಎಂದು ಅವನು ಒಪ್ಪುತ್ತಾನೆ. ಹೊಳಪು ಕೊಡುವುದರಲ್ಲಿ ಮಾತ್ರ ತನ್ನ ನಾಡಿನವರೇ ಮೇಲು ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಕಾರಣ ಕೊರೆಗಾರನ ದಡ್ಡತನವಲ್ಲ, ಚಕ್ರ ನುಣ್ಣಗೆ ತಿರುಗದಿರುವುದು.

ಅವನ ಇನ್ನೊಂದು ಮಾತು ನಮಗೆ ಬಹಳ ಮುಖ್ಯ. ಕಲ್ಲು ಶುದ್ಧವಾಗಿದ್ದರೆ ಇಲ್ಲಿನವರು ಅದರ ಮೇಲೆ ಕೆಳಗೆ ಚಕ್ರ ತಾಗಿಸಿ ಬಿಟ್ಟುಬಿಡುತ್ತಾರೆ. ತೂಕ ಕಳೆದೀತೆಂದು ಬೇರೆ ಆಕಾರ ಕೊಡಲು ಹೋಗುವುದಿಲ್ಲ. ಕಲ್ಲಿನಲ್ಲಿ ಕಪ್ಪು ಚುಕ್ಕೆಯೋ ಬಿರುಕೋ ಇದ್ದರೆ ಮೈತುಂಬ ಮುಖಗಳನ್ನು ಕೊಯ್ದು ದೋಷ ಕಾಣದಂತೆ ಮಾಡುತ್ತಾರೆ. ಅಂದರೆ ಬಹುಮುಖದ ಕೊಯ್ತ ಇಲ್ಲಿನವರಿಗೆ ಗೊತ್ತಿತ್ತು. ಅದನ್ನು ಅವರು ಬಳಸುತ್ತಿದ್ದುದು ಊನ ಮುಚ್ಚಲು. ತುಂಬ ಮುಖಗಳಿರುವ ವಜ್ರವನ್ನು ಕಂಡರೆ ಇಲ್ಲಿನ ಪಾರಖಿಗೆ ಮೊದಲು ಅನುಮಾನ ಬರುತ್ತಿತ್ತು. ಯುರೋಪಿನ ಪಾರಖಿಗೆ ಅದೇ ಮೆಚ್ಚುಗೆಯ ವಸ್ತು. ಗೋವೆಯ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ 1563ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಇಂಡಿಯಾದವರು ಕೊಯ್ದ ವಜ್ರಕ್ಕಿಂತ ಹುಟ್ಟುರೂಪದ ವಜ್ರವನ್ನೇ ಹೆಚ್ಚು ಮಾನ್ಯ ಮಾಡುತ್ತಾರೆಂಬ ಮಾತಿದೆ.

ಈ ಆಯ್ಕೆಯ ಹಿಂದೆ ಆಳ್ವಿಕೆಯ ಲೆಕ್ಕವೂ ಇತ್ತು. ವಿಜಯನಗರದಲ್ಲಿದ್ದ ಕುದುರೆ ವ್ಯಾಪಾರಿ ನೂನಿಜ್, ಇಪ್ಪತ್ತು ಮಂಜಾಡಿಗಿಂತ ಹೆಚ್ಚು ತೂಗುವ ವಜ್ರಗಳು ರಾಯನ ಬೊಕ್ಕಸಕ್ಕೆ ಸೇರಬೇಕೆಂಬ ಷರತ್ತಿನ ಮೇಲೆ ಗಣಿಯನ್ನು ಗುತ್ತಿಗೆ ಕೊಡುತ್ತಿದ್ದರೆಂದು ಬರೆದಿದ್ದಾನೆ. ಬೆಲೆ ಇದ್ದುದು ತೂಕಕ್ಕೆ. ತೂಕ ಕಳೆಯುವ ಕೊಯ್ತವನ್ನು ಅಂಥ ವ್ಯವಸ್ಥೆ ಯಾಕೆ ಮೆಚ್ಚೀತು?

ಬೆಳಕಿನ ಎರಡು ವಿಚಾರ

ಯುರೋಪಿನಲ್ಲಿ ಮೊದಲು ನಡೆದದ್ದೂ ಇಲ್ಲಿನಂಥದೇ. ಹರಳಿನ ತುದಿಯನ್ನು ಹಾಗೆಯೇ ಇಟ್ಟು ಮೈ ಉಜ್ಜುವ ಮೊನೆ ಕೊಯ್ತ. ಹದಿನೈದನೆಯ ಶತಮಾನದ ಹೊತ್ತಿಗೆ ಮೇಲಿನ ತುದಿಯನ್ನು ಸವೆಸಿ ಚಪ್ಪಟೆ ಮಾಡುವ ಮೇಜು ಕೊಯ್ತ. ಆಮೇಲೆ ತಳ ಚಪ್ಪಟೆಯಾಗಿ ಮೇಲೆ ತ್ರಿಕೋನ ಮುಖಗಳು ಗೋಪುರದಂತೆ ಏರುವ ಗುಲಾಬಿ ಕೊಯ್ತ. ಹದಿನೇಳನೆಯ ಶತಮಾನದ ಕೊನೆಗೆ ಬ್ರಿಲಿಯಂಟ್ ಕೊಯ್ತದ ಮೊದಲ ರೂಪಗಳು ಬಂದವು. 1919ರಲ್ಲಿ ಮಾರ್ಸೆಲ್ ತೋಲ್ಕೋವ್ಸ್ಕಿ ಇದಕ್ಕೆ ಗಣಿತದ ಅಡಿಪಾಯ ಹಾಕಿದ. ವಜ್ರದ ಒಳಗೆ ಹೊಕ್ಕ ಬೆಳಕು ಒಳಮೈಯ ಲಂಬಕ್ಕೆ ಸುಮಾರು 24 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಹೊರಗೆ ಹೋಗಲಾರದು, ಹಿಂದಕ್ಕೆ ಚಿಮ್ಮುತ್ತದೆ. ತಳದ ಮುಖಗಳನ್ನು ಸುಮಾರು 41 ಡಿಗ್ರಿ, ಮೇಲಿನವನ್ನು 34 ಡಿಗ್ರಿ ಓರೆಯಲ್ಲಿ ಕೊಯ್ದರೆ ಬೆಳಕು ಎರಡು ಸಲ ಪುಟಿದು ನೋಡುವವನ ಕಣ್ಣಿಗೇ ಮರಳುತ್ತದೆ. ಇಂದಿನ 57 ಅಥವಾ 58 ಮುಖಗಳ ದುಂಡು ವಜ್ರದ ಗುಟ್ಟು ಇಷ್ಟೆ. ಇದಕ್ಕೆ ತೆರುವ ಬೆಲೆಯೆಂದರೆ ಹುಟ್ಟುಹರಳಿನ ತೂಕದಲ್ಲಿ ಸಾಮಾನ್ಯವಾಗಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಪುಡಿಯಾಗಿ ಹೋಗುವುದು.

ನಮ್ಮ ಕಡೆ ಬೆಳಕಿನ ಪ್ರಶ್ನೆಯನ್ನು ಬೇರೆ ರೀತಿ ಬಿಡಿಸಿದರು. ಚಪ್ಪಟೆಯಾದ ಪೋಲ್ಕಿ ವಜ್ರವನ್ನು ಹಿಂಬದಿ ಮುಚ್ಚಿದ ಗೂಡಿನಲ್ಲಿಟ್ಟು, ಅಡಿಗೆ ಹೊಳೆಯುವ ತಗಡು ಹಾಸಿ, ಸುತ್ತ ಅಪ್ಪಟ ಚಿನ್ನದ ಎಳೆಯನ್ನು ಬೆಂಕಿಯಿಲ್ಲದೆ ಒತ್ತಿ ಕೂರಿಸುವ ಕುಂದಣದ ಕೆಲಸ ಅದು. ಇಲ್ಲಿ ಬೆಳಕನ್ನು ಹಿಂದಿರುಗಿಸುವುದು ಕಲ್ಲಿನ ಕೋನವಲ್ಲ, ಅಡಿಯ ತಗಡು. ಅದರ ಹೊಳಪು ಕಣ್ಣು ಕೋರೈಸುವುದಿಲ್ಲ. ಎಣ್ಣೆದೀಪದ ಬೆಳಕಿನಲ್ಲಿ ನೀರಿನಂತೆ ಮಿನುಗುತ್ತದೆ. ಕೆಂಪು, ಪಚ್ಚೆಗಳಿಗೂ ಮುಖ ಕೊಡದೆ ಗುಮ್ಮಟದಂತೆ ದುಂಡಗೆ ಉಜ್ಜುವುದೇ ವಾಡಿಕೆ. ನಮ್ಮ ಹಳೆಯ ಜಡೆಬಿಲ್ಲೆ, ರಾಗಟೆ, ದೇವರ ಒಡವೆಗಳ ಕೆಂಪುಗಳೆಲ್ಲ ಹೀಗೆಯೇ ಇವೆ. ಬಣ್ಣವೇ ಮುಖ್ಯವಾದ ಕಲ್ಲಿಗೆ ಈ ರೂಪ ಒಪ್ಪುತ್ತದೆ. ಮೈಸೂರು ಸೀಮೆಯ ನಕ್ಷತ್ರ ಕೆಂಪನ್ನು ನೋಡಿ: ಅದರೊಳಗಿನ ಸೂಜಿಯಂಥ ಎಳೆಗಳಿಂದ ಆರು ಕಿರಣದ ನಕ್ಷತ್ರ ಮೂಡುತ್ತದೆ. ಅದು ಕಾಣಬೇಕಾದರೆ ಕಲ್ಲನ್ನು ಸರಿಯಾದ ದಿಕ್ಕಿನಲ್ಲಿ ಕೂರಿಸಿ ಗುಮ್ಮಟವಾಗಿ ಉಜ್ಜಲೇಬೇಕು. ಮುಖ ಕೊಯ್ದರೆ ನಕ್ಷತ್ರ ಮಾಯ.

ಪಚ್ಚೆಯ ಕತೆ ಇನ್ನೂ ದೊಡ್ಡದು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಸ್ಪೇನಿನವರು ಅಗೆಸಿದ ಪಚ್ಚೆ, ಕಡಲು ದಾಟಿ ಗೋವೆಗೆ ಬಂದು ಮೊಗಲರ, ದಖನ್ನಿನ ಸುಲ್ತಾನರ ಕೈ ಸೇರುತ್ತಿತ್ತು. ಪಚ್ಚೆಯಲ್ಲಿ ಬಿರುಕು ಸಹಜ. ಇಲ್ಲಿನ ಕೊರೆಗಾರರು ಅದರ ಹಲಗೆಯಂಥ ತುಂಡುಗಳ ಮೇಲೆ ಹೂಬಳ್ಳಿ ಕೆತ್ತಿದರು, ಪ್ರಾರ್ಥನೆಯ ಸಾಲುಗಳನ್ನು ಬರೆದರು. ಹಿಜರಿ 1107ರ, ಎಂದರೆ 1695-96ರ, ಬರಹವಿರುವ 217 ಕ್ಯಾರಟ್ಟಿಗೂ ಮಿಕ್ಕಿದ ಒಂದು ಪಚ್ಚೆ ಇಂದು ಕತಾರಿನ ದೋಹಾದ ಇಸ್ಲಾಮಿಕ್ ಕಲಾ ಸಂಗ್ರಹಾಲಯದಲ್ಲಿದೆ. ಅಹ್ಮದನಗರದ ಎರಡನೆಯ ಬುರ್ಹಾನ್ ನಿಜಾಮಶಹನ ಹೆಸರನ್ನು ಹಿಜರಿ 1000ದಲ್ಲಿ ಕೆತ್ತಿದ ‘ಶಾ’ ವಜ್ರದ ಮೇಲೆ ಮುಂದೆ ಶಹಜಹಾನನ, ಇರಾನಿನ ಫತ್ ಅಲಿ ಶಹನ ಹೆಸರುಗಳೂ ಸೇರಿದವು. ಈಗ ಅದು ಮಾಸ್ಕೋದ ಕ್ರೆಮ್ಲಿನ್‌ನಲ್ಲಿದೆ. ವಜ್ರದ ಮೇಲೆ ಅಕ್ಷರ ಕೊರೆಯುವುದೆಂದರೆ ವಜ್ರದ ಮೊನೆಯಿಂದ ಕೂದಲೆಳೆಯಷ್ಟೇ ಕೆರೆಯುತ್ತ ದಿನಗಟ್ಟಲೆ ಕೂರುವ ಕೆಲಸ. ಮೂರು ದೊರೆಗಳ ಹೆಸರು ಉಳಿದಿದೆ. ಕೊರೆದವನ ಹೆಸರು ಅದರ ಮೇಲಿಲ್ಲ. ಹಾಗೆಯೇ ಮೂಡುಬಿದಿರೆಯ ಜೈನ ಬಸದಿಯಲ್ಲಿ ನವರತ್ನಗಳಲ್ಲೇ ಕಡೆದ ತೀರ್ಥಂಕರರ ಪುಟ್ಟ ಮೂರ್ತಿಗಳಿವೆ. ಅವನ್ನು ಕಡೆದ ಕೈಗಳು ಯಾರವೆಂದು ಕೇಳಿದರೂ ಇದೇ ಉತ್ತರ.

ಕೊಯ್ತವೂ ಅಧಿಕಾರವೂ

ಕೊರೆಗಾರನ ಹೆಸರು ಚರಿತ್ರೆಯಲ್ಲಿ ಉಳಿದದ್ದು ಹೆಚ್ಚಾಗಿ ಅವನಿಗೆ ಶಿಕ್ಷೆಯಾದಾಗ. ಕೃಷ್ಣಾ ತೀರದ ಕೊಲ್ಲೂರು ಗಣಿಯ ಮಹಾವಜ್ರ ಒರಟಾಗಿದ್ದಾಗ 787 ಕ್ಯಾರಟ್ಟಿಗೂ ಹೆಚ್ಚು ತೂಗುತ್ತಿತ್ತು. ವೆನಿಸಿನ ಹೊರ್ತೆನ್ಸಿಯೋ ಬೋರ್ಜಿಯೋ ಅದನ್ನು ಉಜ್ಜಿದಾಗ ಉಳಿದದ್ದು ಸುಮಾರು 280. ಅವನಿಗೆ ಕೂಲಿ ಕೊಡುವ ಬದಲು ಹತ್ತು ಸಾವಿರ ರೂಪಾಯಿ ದಂಡ ಹಾಕಿದರು. 1665ರ ನವೆಂಬರಿನಲ್ಲಿ ಔರಂಗಜೇಬನ ದರಬಾರಿನಲ್ಲಿ ಈ ವಜ್ರವನ್ನು ಕೈಯಲ್ಲಿ ಹಿಡಿದು ನೋಡಿದ ತಾವೆರ್ನಿಯೇ ಇದನ್ನು ಬರೆದಿದ್ದಾನೆ.

ಇನ್ನೂರು ವರ್ಷಗಳ ನಂತರ ಇದೇ ಕೆಲಸ ಲಂಡನ್ನಿನಲ್ಲಿ ನಡೆಯಿತು. ಹತ್ತು ವರ್ಷದ ಬಾಲಕ ದುಲೀಪ್ ಸಿಂಗನಿಂದ 1849ರಲ್ಲಿ ಬ್ರಿಟಿಷರು ಕಿತ್ತುಕೊಂಡ ಕೊಹಿನೂರನ್ನು 1851ರ ಮಹಾಪ್ರದರ್ಶನದಲ್ಲಿ ಇಟ್ಟರು. ನೋಡಿದ ಜನಕ್ಕೆ ನಿರಾಸೆಯಾಯಿತು. ಅವರು ಬಯಸಿದಂತೆ ಅದು ಹೊಳೆಯಲಿಲ್ಲ. 1852ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ಕೊರೆಗಾರರನ್ನು ಕರೆಸಿ, ಉಗಿಯಂತ್ರದ ಚಕ್ರದ ಮೇಲೆ 38 ದಿನ ಉಜ್ಜಿಸಿದರು. ಹಳೆಯ ಲೆಕ್ಕದ 186 ಕ್ಯಾರಟ್ಟಿನ ಕಲ್ಲು ಇಂದಿನ ಲೆಕ್ಕದ 105.6 ಕ್ಯಾರಟ್ಟಿಗೆ ಇಳಿಯಿತು. ಶೇಕಡಾ ನಲವತ್ತಕ್ಕೂ ಹೆಚ್ಚು ಭಾಗ ಧೂಳಾಯಿತು. ಆ ಧೂಳಿನೊಂದಿಗೆ ಮೊಗಲ ಕಾಲದ ಕೊಯ್ತದ ರೂಪವೂ ಹೋಯಿತು. ಬೋರ್ಜಿಯೋಗೆ ದಂಡ ಬಿದ್ದಿತ್ತು, ಇಲ್ಲಿ ಯಾರಿಗೂ ಬೀಳಲಿಲ್ಲ. ಯಾಕೆಂದರೆ ಈ ಬಾರಿ ಅಳತೆಗೋಲೇ ಬದಲಾಗಿತ್ತು. ಗೆದ್ದವನ ಕಣ್ಣಿಗೆ ಹೊಳೆಯುವುದೇ ಹೊಳಪು ಎಂದಾಗಿತ್ತು.

ನಮ್ಮ ಶ್ರೀರಂಗಪಟ್ಟಣದಲ್ಲೂ ಇಂಥದೇ ಆಯಿತು. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಬಳಿಕ ಅವನ ಸಿಂಹಾಸನವನ್ನು ಸೈನಿಕರಿಗೆ ಪಾಲು ಹಂಚಲು ಒಡೆದುಹಾಕಿದರು. ವಜ್ರ, ಕೆಂಪು, ಪಚ್ಚೆಗಳನ್ನು ಕುಂದಣದಲ್ಲಿ ಕೂರಿಸಿದ ಹುಮಾ ಹಕ್ಕಿ ಇಂದು ಇಂಗ್ಲೆಂಡಿನ ಅರಸರ ಸಂಗ್ರಹದಲ್ಲಿದೆ. ಸಿಂಹಾಸನದ ಹುಲಿತಲೆಗಳಲ್ಲಿ ಒಂದು ದೇಶ ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟನ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಕೊಳ್ಳೆಯ ಮಾಲು ಅವರ ದೇಶದ ಪರಂಪರೆಯಾಗಿ ಬಿಟ್ಟಿತ್ತು!

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಆಫ್ರಿಕಾದ ವಜ್ರಗಳು ನಮ್ಮ ಪೇಟೆಗೂ ಬಂದವು. ನಮ್ಮ ಅಜ್ಜಿಯಂದಿರ ಬೇಸರಿ, ಮೂಗುಬಟ್ಟುಗಳ ಬಗ್ಗೆ ಹೇಳುವಾಗ ಬರುವ ಬ್ಲೂ ಜಾಗರ್ ಎಂಬ ಮಾತು ಅಲ್ಲಿನ ಯಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ ಬಂದದ್ದು. ಹಿಂಬದಿ ತೆರೆದ ಗೂಡಿನಲ್ಲಿ ಬ್ರಿಲಿಯಂಟ್ ವಜ್ರ ಕೂರಿಸುವುದು ಅಂತಸ್ತಾಯಿತು. ಕುಂದಣ ಹಳೆಯ ಕಾಲದ್ದೆನಿಸಿತು. ಇಂದು ಅದೇ ಪೋಲ್ಕಿ ಮದುವೆಯ ಮನೆಗಳಿಗೆ ದುಬಾರಿ ಫ್ಯಾಷನ್ನಾಗಿ ಮರಳಿದೆ.

ಧೂಳಿನ ಪಾಲು ಯಾರಿಗೆ

ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಬದುಕುವ ಸಿದ್ದಿ ಬಾಂಧವರನ್ನು ನಮ್ಮ ಓದುಗರು ಬಲ್ಲರು. ಆಫ್ರಿಕಾ ಮೂಲದ ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದವರಿದ್ದಾರೆ. ಗುಜರಾತಿನ ಸಿದ್ದಿಗಳ ಕತೆ ಬೇರೆ. ಆದರೆ ಅವರು ನಡೆದುಕೊಳ್ಳುವ ಸೂಫಿ ಸಂತ ಬಾಬಾ ಘೋರ್‌ಗೂ ಕಲ್ಲಿನ ಕಸುಬಿಗೂ ನಂಟಿದೆ. ರತನಪುರದ ಬೆಟ್ಟದಲ್ಲಿ ಅವರ ದರ್ಗಾ. ಅದರ ಸುತ್ತಲೇ ಅಕೀಕ್ ಕಲ್ಲಿನ ಗಣಿಗಳು. ಅಕೀಕಿನ ಕಸುಬಿಗೆ ಆ ಸಂತರೇ ಮೂಲವೆಂದು ಜನ ನಂಬುತ್ತಾರೆ. ಅಗೆದ ಕಲ್ಲನ್ನು ಖಂಭಾತಿಗೆ ತಂದು, ಬಿಸಿಲಿಗೊಣಗಿಸಿ, ಮಡಕೆಯಲ್ಲಿಟ್ಟು ಸುಟ್ಟು ಕೆಂಪು ಬರಿಸುತ್ತಾರೆ. ಕಬ್ಬಿಣದ ಗೂಟಕ್ಕೆ ಒರಗಿಸಿ ಕೊಂಬಿನ ಸುತ್ತಿಗೆಯಿಂದ ಚಕ್ಕೆ ತೆಗೆದು, ಉಜ್ಜಿ, ವಜ್ರದ ಚೂರು ಕೂರಿಸಿದ ಬೈರಿಗೆಯಿಂದ ತೂತು ಕೊರೆಯುತ್ತಾರೆ. ಹರಪ್ಪದ ಕಾಲದಿಂದ, ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳಿಂದ, ಗುಜರಾತಿನಲ್ಲಿ ಮಣಿ ಮಾಡುವ ಕೆಲಸ ನಡೆದು ಬಂದಿದೆ. ನಮಾಜಿಗೆ ಕೂತವನ ತಸ್ಬೀ, ಜಪಕ್ಕೆ ಕೂತವನ ಮಾಲೆ, ಬೆರಳಿನ ಅಕೀಕ್ ಉಂಗುರ ಎಲ್ಲವೂ ಅಲ್ಲಿಂದ ಬರುತ್ತವೆ.

ಕಲ್ಲು ಉಜ್ಜುವಾಗ ಏಳುವ ಸಿಲಿಕಾ ಧೂಳು ಮಾತ್ರ ಉಜ್ಜುವವರ ಎದೆಯೊಳಗೆ ಉಳಿಯುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತ ಬಂದು ಉಸಿರು ಕಟ್ಟುವ ಸಿಲಿಕೋಸಿಸ್ ಎಂಬ ಕಾಯಿಲೆಗೆ ವಾಸಿಯಾಗುವ ಮದ್ದಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಖಂಭಾತಿನ ಅಕೀಕ್ ಕಾರ್ಮಿಕರಲ್ಲಿ ಈ ರೋಗವನ್ನು ಗುರುತಿಸಿ ದಾಖಲಿಸಿದೆ. ಊರಿನ ಮಗ್ಗುಲಿನ ಶಕರಪುರದಲ್ಲಿ ಗುಡಿಸಲುಗಳಲ್ಲೇ ಚಕ್ರ ತಿರುಗುತ್ತದೆ. ಉಜ್ಜುವವರೊಂದಿಗೆ ಮನೆಯ ಮಕ್ಕಳೂ ಅದೇ ಗಾಳಿ ಕುಡಿಯುತ್ತಾರೆ. ಧೂಳು ಹೀರುವ ಯಂತ್ರ, ನೀರು ಹಾಯಿಸಿ ಉಜ್ಜುವ ವಿಧಾನ ಹೊಸ ವಿಜ್ಞಾನವೇನಲ್ಲ. ಆದರೆ ತುಂಡಿಗಿಷ್ಟು ಕೂಲಿಯ ಮನೆಗೆಲಸಕ್ಕೆ ಯಾವ ಮಾಲೀಕನೂ ಹೊಣೆಯಲ್ಲ.

ವಜ್ರದ ಊರಾದ ಸೂರತ್ತಿನದು ಇನ್ನೊಂದು ಬಗೆ. ಇಂದು ಜಗತ್ತಿನಲ್ಲಿ ಕೊಯ್ಯಲ್ಪಡುವ ವಜ್ರಗಳಲ್ಲಿ ಹತ್ತಕ್ಕೆ ಒಂಬತ್ತು, ಎಣಿಕೆಯ ಲೆಕ್ಕದಲ್ಲಿ, ಇಂಡಿಯಾದಲ್ಲಿ ಕೊಯ್ದವು, ಬಹುಪಾಲು ಅಲ್ಲಿಯವೇ. ನಮ್ಮವರಿಗೆ ವಜ್ರ ಕೊಯ್ಯಲು ಬಾರದೆಂದು ಬರೆದವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ. ಆದರೆ 2008ರ ಆರ್ಥಿಕ ಕುಸಿತವಿರಲಿ, 2025ರ ಆಗಸ್ಟಿನಲ್ಲಿ ಅಮೆರಿಕ ಶೇಕಡಾ 50ರ ಸುಂಕ ಹೇರಿದ್ದಿರಲಿ, ಮೊದಲ ಪೆಟ್ಟು ಬಿದ್ದದ್ದು ಚಕ್ರದ ಮುಂದೆ ಕೂತವನಿಗೆ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರ ಬಂದು ಬೆಲೆಗಳು ಬಿದ್ದಾಗಲೂ ಕಡಿತವಾದದ್ದು ಅವನ ಕೂಲಿ. ಆಶ್ಚರ್ಯವೆಂದರೆ ಬೆಳೆಸಿದ ವಜ್ರಕ್ಕೂ ಸಾಣೆ ಬೇಕು. ಗಣಿ ಇಲ್ಲದೆ ವಜ್ರ ಹುಟ್ಟಬಹುದು, ಕೊರೆಗಾರನಿಲ್ಲದೆ ಅದು ಆಭರಣವಾಗದು.

ಒಡವೆಯ ಅಂಗಡಿಯಲ್ಲಿ ಈಗ ನಮಗೆ ಪ್ರಮಾಣಪತ್ರ ಕೊಡುತ್ತಾರೆ. ಕ್ಯಾರಟ್ಟೆಷ್ಟು, ಬಣ್ಣ ಯಾವುದು, ಶುದ್ಧತೆ ಎಷ್ಟು, ಕೊಯ್ತ ಹೇಗಿದೆ ಎಂದು ಅದರಲ್ಲಿರುತ್ತದೆ. ಈ ನಾಲ್ಕು ಲೆಕ್ಕಗಳಲ್ಲಿ ಮನುಷ್ಯನ ಕೈಗೆ ಸೇರಿದ್ದು ಕೊನೆಯದು. ಆ ಕೈ ಯಾವ ಊರಿನದು, ಅದಕ್ಕೆ ಸಿಕ್ಕ ಕೂಲಿ ಎಷ್ಟು, ಅದರ ಎದೆಗೆ ಧೂಳು ಹೊಕ್ಕಿದೆಯೋ ಇಲ್ಲವೋ ಎಂಬುದಕ್ಕೆ ಪತ್ರದಲ್ಲಿ ಜಾಗವಿಲ್ಲ. ಆ ಜಾಗವನ್ನು ಕೇಳಿ ಪಡೆಯಬೇಕಾದವರು ಕೊಳ್ಳುವ ನಾವೇ. ಬಿಳಗಿಯ ಬಸದಿಯ ಮೂರು ರತ್ನಗಳಲ್ಲಿ ಮೊದಲನೆಯದಕ್ಕೆ ಸರಿಯಾಗಿ ಕಾಣುವುದೆಂದು ಅರ್ಥ. ಕಲ್ಲಿನ ಹೊಳಪಿನ ಹಿಂದಿರುವ ಮನುಷ್ಯನನ್ನು ಕಾಣುವುದೂ ಅದರೊಳಗೆ ಸೇರಿದೆ ಎಂದು ನಾವು ತಿಳಿಯುತ್ತೇವೆ.